ದುಬೈಗೆ ಹೋಗುವುದಕ್ಕೆ ಒಳ್ಳೆಯ ಕಾಲ

ಈ ಸಂಗತಿಯನ್ನು ಹೇಳಿಬಿಡಬೇಕೆಂದು ಎಷ್ಟೋ ಸಲ ಅಂದುಕೊಂಡು, ನಾಳೆ ಹೇಳಿದರಾಯಿತೆಂದು ಮುಂದೂಡುತ್ತಲೇ ಬಂದಿದ್ದೇನೆ. ತಪ್ಪೊಪ್ಪಿಕೊಳ್ಳುವುದಕ್ಕೂ ಹವಾ ಕೂಡಿಬರಬೇಕು ನೋಡಿ.

ನಾನು ಓದಿದ್ದು ಹೈಸ್ಕೂಲು. ಅಮೆರಿಕದ ಯೂನಿಯನ್ ಸಿಟಿಯ ನಮ್ಮ ಮಗಳ ಮನೆಗೆ ಭಾನುವಾರ ಬರುವವರೆಲ್ಲ ಇಂಜಿನಿಯರುಗಳು, ಡಾಕ್ಟರುಗಳು. ಅವರ ಮಾತು ಈಗೀಗ ಮನೆಮನೆಗೆ ಬರುತ್ತಿರುವ ಕಂಪ್ಯೂಟರಿನ ಸುತ್ತ ತಿರುಗುವಾಗ ನಾನು ಚಕ್ಕುಲಿ ಮುರಿಯುತ್ತ ಕೂತಿರುತ್ತೇನೆ. ಆದರೆ ಮರಳುಗಾಡಿನ ಮಾತು ಬಂತೋ, ಈ ಕಡೆ ನನ್ನನ್ನು ಬಿಟ್ಟರಿಲ್ಲ. ದುಬೈಯ ಒಂದು ದಿನಸಿ ಅಂಗಡಿಯಲ್ಲಿ ನನ್ನ ನಡುವಯಸ್ಸೆಲ್ಲ ಕಳೆದಿದೆ.

ಮೊನ್ನೆ ಹತ್ತಿರದ ಊರು ಪ್ಲೆಸೆಂಟನ್‌ನಿಂದ ಬಂದಿದ್ದ ಇಂಜಿನಿಯರು ಶ್ರೀಧರ ಕೇಳಿದ: "ಅಂಕಲ್, ಬೆಂಗಳೂರಿಗೆ ಹೋಗ್ತಾ ದುಬೈಲಿ ಎರಡು ದಿನ ಇಳಿಯೋಣ ಅಂತಿದೀವಿ. ಮಕ್ಕಳಿಗೆ ರಜಾ ಇರೋದು ಜುಲೈಲಿ. ಪರವಾಗಿಲ್ವಾ?"

"ಜುಲೈಲಾ? ಜುಲೈಲಿ ನಾವು ಗೀಸರ್ ಆಫ್ ಮಾಡಿ, ತಣ್ಣೀರಿಗೆ ಬಿಸಿನೀರಿನ ನಲ್ಲಿ ತಿರುಗಿಸ್ತಿದ್ವಿ ಕಣಪ್ಪಾ! ತಣ್ಣೀರಿನ ನಲ್ಲೀಲಿ ಬರೋದು ತಾರಸಿ ಮೇಲೆ ಕಾದ ನೀರು. ಗೀಸರ್ ಒಳಗಿಂದು ನೆರಳಲ್ಲಿರತ್ತಲ್ಲ, ಅದೇ ತಂಪು."

ಡಾಕ್ಟರುಗಳೂ ಬಾಯಿ ಬಿಟ್ಟುಕೊಂಡು ನೋಡಿದರು. ನನ್ನ ಎದೆ ಉಬ್ಬಿತು. ಆ ಉಬ್ಬಿನಲ್ಲೇ ಮುಂದುವರಿದೆ: "ನವೆಂಬರಿಂದ ಫೆಬ್ರವರಿವರೆಗೆ ಹೋಗು, ಸ್ವರ್ಗ! ಸಂಜೆ ನೀರಿನ ದಂಡೇಲಿ ತೆಳ್ಳಗೊಂದು ಶಾಲು ಹೊದ್ಕೊಂಡು ಓಡಾಡ್ಬೋದು. ಹೆಂಡ್ತೀನ ಕರ್ಕೊಂಡು ಹೋಗೋಕೆ ಅಂತಾನೇ ಮಾಡಿದ ಕಾಲ."

ಕಾಫಿ ತರುತ್ತಿದ್ದ ನನ್ನ ಹೆಂಡತಿ ಅಲ್ಲೇ ನಿಂತಳು. "ಹೌದೇನ್ರೀ? ನೀವಿದ್ದಾಗ ಅಲ್ಲಿ ನವೆಂಬರ್ ಬರ್ತಿರ್ಲಿಲ್ವಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ನಗಲಿಲ್ಲ.

ನಾನು ರಜೆಗೆ ಹಾಸನಕ್ಕೆ ಹೋದಾಗಲೆಲ್ಲ ಅವಳು, "ನನ್ನೂ ಒಂದ್ಸಲ ಕರ್ಕೊಂಡ್ಹೋಗಿ" ಎನ್ನುತ್ತಿದ್ದಳು. ಒಂದು ಸಲ ಸೆಕೆ ಎಂದೆ, ಇನ್ನೊಂದು ಸಲ ಮರಳುಗಾಳಿ ಎಂದೆ, ಕಾರಣಗಳೆಲ್ಲ ತೀರಿದ ಮೇಲೆ ವಿಪರೀತ ಚಳಿ ಎಂದೆ. ದುಬೈಯಲ್ಲಿ ಚಳಿ! ನಿಜವೇನೆಂದರೆ, ಕಡಲು ಕಾಣುವ ಸ್ವಂತ ರೂಮಿದೆಯೆಂದು ಅವಳ ತವರಿನವರ ಮುಂದೆಲ್ಲ ಜಂಬ ಕೊಚ್ಚಿದ್ದೆ. ನಾನು ಮಲಗುತ್ತಿದ್ದುದು ಅಂಗಡಿಯ ಹಿಂದೆ, ಅಕ್ಕಿಮೂಟೆಗಳ ಸಂದಿಯಲ್ಲಿ. ಅವಳು ಬಂದು ನೋಡಿದ್ದರೆ ನನ್ನ ಕಡಲಿನ ಗತಿ ಏನಾಗಬೇಕಿತ್ತು?

ಶ್ರೀಧರ ಪ್ರಯಾಣವನ್ನು ಡಿಸೆಂಬರಿಗೆ, ಮಕ್ಕಳ ಕ್ರಿಸ್‌ಮಸ್ ರಜೆಗೆ ಹಾಕಿಕೊಂಡ. ಒಬ್ಬ ಇಂಜಿನಿಯರು ನನ್ನ ಮಾತಿಗೆ ಪ್ರಯಾಣವನ್ನೇ ಬದಲಾಯಿಸಿದ ಎಂಬ ಹೆಮ್ಮೆ ನನಗೆ ಈಗಲೂ ಇದೆ. ಆದರೆ ಅವನು ಅಷ್ಟಕ್ಕೇ ಬಿಡಲಿಲ್ಲ. "ನೀವೂ ಆಂಟೀನೂ ನಮ್ ಜೊತೆ ಬನ್ನಿ ಅಂಕಲ್. ನೀವಿದ್ದ ರೂಮೂ ತೋರಿಸ್ಬೋದು."

"ಹವಾ ಹೇಗಿರತ್ತೋ, ಅವರನ್ನೇ ಕೇಳಪ್ಪಾ" ಎಂದು ಅವಳು ನನ್ನ ಮುಖ ನೋಡಿದಳು.

ಹೇಳಿಬಿಡಬಹುದಿತ್ತು. ಹವಾ ಕೂಡಿಬಂದಿತ್ತು. ನಾನು ಕಿಟಕಿಯ ಕಡೆ ತಿರುಗಿ, "ಡಿಸೆಂಬರಲ್ಲಿ ಒಂದೊಂದ್ಸಲ ಮಳೆ ಬಂದ್ಬಿಡತ್ತೆ" ಎಂದೆ.

ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದವಳು, ನಾನು ಇಂದಿಗೂ ಕ್ಷಮೆ ಕೇಳದ ನನ್ನ ಜಯಲಕ್ಷ್ಮಿ.