ಯಾರೂ ಕೇಳದ ಬಿಳಿ ವೈನ್

ಜನ ಕೇಳದೇ ಇದ್ದದ್ದನ್ನು ಮಾರಲು ಹೊರಟವನಿಗೆ ಒಂದಲ್ಲ ಒಂದು ಆಗುತ್ತಲೇ ಇರುತ್ತದೆ. ನಗುವವರು ಮಾತ್ರ ಯಾವಾಗಲೂ ಬೇರೆಯವರು.

ನಾನು ಕುಮಟೆಯವ. ಹನ್ನೆರಡು ವರ್ಷ ಕೆಮ್ಮಿನ ಔಷಧ ಮಾರಿದೆ. ಆ ಕಂಪನಿ ಮುಚ್ಚಿದ ಮೇಲೆ ನಾಲ್ಕು ವರ್ಷ ಬಿಳಿ ವೈನ್ ಮಾರಿದೆ. ವಿಜಯಪುರದ ಕಡೆಯ ಒಂದು ಸಣ್ಣ ದ್ರಾಕ್ಷಿ ತೋಟದ್ದು. ಬಳ್ಳಿ ನೋಡಿಕೊಳ್ಳುವುದು ಯಜಮಾನರು, ವೈನ್ ಮಾಡುವುದು ಅವರ ಮಗಳು, ಬಾಟಲಿಗೆ ಲೇಬಲ್ ಅಂಟಿಸುವುದು ಹೆಂಡತಿ. ಅಷ್ಟೇ ಕಂಪನಿ. ಭಟ್ಕಳದಿಂದ ಕುಮಟೆಯವರೆಗಿನ ಹೆದ್ದಾರಿ ನನ್ನ ಪಾಲಿಗೆ ಬಂದಿತ್ತು.

ವೈನ್ ನಿಜಕ್ಕೂ ಒಳ್ಳೆಯದಿತ್ತು. ತಣ್ಣಗೆ ಮಾಡಿ ಕುಡಿದರೆ ಮೊದಲು ಎಳೆ ಹುಳಿ, ಆಮೇಲೆ ಪೇರಲೆ ಹಣ್ಣಿನ ವಾಸನೆ, ನುಂಗಿದ ಮೇಲೂ ಸ್ವಲ್ಪ ಹೊತ್ತು ಬಾಯಲ್ಲಿ ತಂಪು. ಒಳ್ಳೆಯ ಮಾಲು ತಾನಾಗಿಯೇ ಮಾರಾಟವಾಗುತ್ತದೆ ಎನ್ನುವವರು ನಮ್ಮ ಹೆದ್ದಾರಿಯಲ್ಲಿ ಒಮ್ಮೆ ಓಡಾಡಬೇಕು. ಯಜಮಾನರು ಈಗಿಲ್ಲ. ಬಳ್ಳಿಗಳನ್ನು ಕಿತ್ತಾಗಿದೆ. ಅಲ್ಲಿ ಈಗ ದಾಳಿಂಬೆ ಇದೆಯಂತೆ.

೧. ಹಸಿ ಮಾಲು

ನಮ್ಮ ಕಡೆ ವೈನ್ ಶಾಪ್ ಅಂದರೆ ವೈನ್ ಒಂದು ಬಿಟ್ಟು ಉಳಿದದ್ದೆಲ್ಲ ಸಿಗುವ ಅಂಗಡಿ. ಹೊನ್ನಾವರದ ಅಂಥ ಒಂದು ಅಂಗಡಿಗೆ ಆರು ಸಲ ಹೋದ ಮೇಲೆ ಮಾಲೀಕ ಎರಡು ಬಾಟಲಿ ಇಟ್ಟುಕೊಳ್ಳಲು ಒಪ್ಪಿದ.

"ಫ್ರಿಜ್ಜಿನಲ್ಲಿ ಇಡಿ," ಅಂದೆ.

"ಬಿಯರಿಗೇ ಜಾಗ ಸಾಲೂದಿಲ್ಲ, ಮಾರಾಯ್ರೆ."

ಪಶ್ಚಿಮಕ್ಕೆ ಮುಖ ಮಾಡಿದ ಗಾಜಿನ ಕಪಾಟಿನಲ್ಲಿ, ಎಲ್ಲರಿಗೂ ಕಾಣಲಿ ಎಂದು ಮುಂದೆಯೇ ನಿಲ್ಲಿಸಿದ. ಏಪ್ರಿಲ್ ಹೋಯಿತು, ಮೇ ಹೋಯಿತು. ಸಂಜೆಯ ಬಿಸಿಲನ್ನೆಲ್ಲ ಆ ಎರಡು ಬಾಟಲಿಗಳೇ ಕುಡಿದವು. ಮಳೆ ಶುರುವಾದ ಮೇಲೆ ಹೋಗಿ ನೋಡಿದರೆ ವೈನ್ ಚಹದ ಬಣ್ಣಕ್ಕೆ ತಿರುಗಿತ್ತು. ನನಗೆ ಅಳು ಬರುವ ಹಾಗಾಯಿತು. ಯಜಮಾನರ ಮಗಳು ಆ ಬಣ್ಣಕ್ಕಾಗಿ ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದಳೋ.

ಮಾಲೀಕ ಮಾತ್ರ ಖುಷಿಯಲ್ಲಿದ್ದ. "ನೋಡಿ, ಈಗ ಬಣ್ಣ ಬಂತು. ನೀವು ತಂದಾಗ ಹಸಿ ಇತ್ತು ಕಾಣ್ತದೆ."

೨. ಹುಳಿ

ಬಿಳಿ ವೈನ್ ಮೀನಿಗೆ ಹೊಂದುತ್ತದೆ ಎಂದು ಯಜಮಾನರ ಮಗಳು ನನಗೆ ಬಾಯಿಪಾಠ ಮಾಡಿಸಿದ್ದಳು. ಅಘನಾಶಿನಿ ಹೊಳೆಯ ಬದಿಗೆ ಮೀನೂಟಕ್ಕೆ ಹೆಸರಾದ ಒಂದು ಬಾರ್ ಇತ್ತು. ಗಂಡ ಗಲ್ಲಾದಲ್ಲಿ, ಹೆಂಡತಿ ಒಲೆಯ ಮುಂದೆ. ಗಂಡ ಹೇಳಿದ, "ಅಡಿಗೆಯವಳು ಅವಳು. ಅವಳು ಹೂಂ ಅಂದ್ರೆ ಆತು."

ಆಕೆ ಸೆರಗಿಗೆ ಕೈ ಒರೆಸಿಕೊಂಡು ಬಂದು ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡರು. ನುಂಗಿದರು.

"ಹುಳಿ ಉಂಟು."

"ಹೌದು ಅಕ್ಕಾ. ಮೀನಿಗೆ ಹುಳಿ ಬೇಕಲ್ಲ, ಅದಕ್ಕೇ."

"ಮೀನಿಗೆ ಹುಳಿ ಬೇಕು ಅಂತ ನಮಗೆ ಗೊತ್ತುಂಟು, ತಮ್ಮಾ," ಅಂದರು ಅವರು ಲೋಟ ಕೆಳಗಿಡುತ್ತ. "ಅದಕ್ಕೇ ಸಾರಿಗೆ ಮುರುಗಲು ಹಾಕ್ತೇವೆ. ನಾವು ಮರೆತ್ರೆ ನಿಮ್ಮನ್ನು ಕರೀತೇವೆ."

ಅವರು ಯಾವತ್ತೂ ಮರೆಯಲಿಲ್ಲ.

೩. ಬಸ್ಸಿನಲ್ಲಿ

ಮುರ್ಡೇಶ್ವರದ ಒಂದು ಲಾಡ್ಜಿನವರು ಆರು ಬಾಟಲಿ ತರಲು ಹೇಳಿದ್ದರು. ನಾಲ್ಕು ವರ್ಷದಲ್ಲಿ ನನ್ನನ್ನು ತಾವಾಗಿ ಕರೆದವರು ಅವರೊಬ್ಬರೇ. ಹೊನ್ನಾವರದಲ್ಲಿ ಭಟ್ಕಳದ ಬಸ್ಸು ಹತ್ತಿದೆ. ಕಾಲಿಡಲು ಜಾಗವಿಲ್ಲ. ಎದೆಗೆ ಒತ್ತಿ ಹಿಡಿದ ಪೆಟ್ಟಿಗೆ ನೋಡಿ, ಸೀಟಿನಲ್ಲಿದ್ದ ಭಟ್ಕಳದ ಹಿರಿಯರೊಬ್ಬರು ಕೈ ಚಾಚಿದರು. ಬಿಳಿ ಗಡ್ಡ, ಬಿಳಿ ಟೊಪ್ಪಿ.

"ಕೊಡಿ ಇಲ್ಲಿ. ನಾನು ಹಿಡ್ಕೊಳ್ತೇನೆ."

"ಬೇಡ ಸಾಹೇಬ್ರೇ, ಗಾಜು ಇದೆ."

"ಗಾಜಾದ್ರೆ ನನ್ನ ಹತ್ತಿರವೇ ಇರಲಿ." ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡರು. ರಸ್ತೆಯ ಪ್ರತಿ ಹೊಂಡಕ್ಕೂ ಮೊಮ್ಮಗುವನ್ನು ಅಪ್ಪಿದ ಹಾಗೆ ಅಪ್ಪಿಕೊಂಡರು. "ಒಳಗೆ ಎಂತ ಉಂಟು?"

"ಹಣ್ಣಿನ ರಸ," ಅಂದೆ. ಪೂರ್ತಿ ಸುಳ್ಳೇನಲ್ಲವಲ್ಲ.

ಅವರ ಮುಖ ಅರಳಿತು. "ಮೊಮ್ಮಗಳು ಜ್ವರ ಬಂದು ಈಗ ಎದ್ದಿದ್ದಾಳೆ. ಡಾಕ್ಟರು ಹಣ್ಣಿನ ರಸ ಕೊಡಿ ಅಂದಿದ್ದಾರೆ. ಒಂದು ಬಾಟ್ಲಿ ನನಗೆ ಕೊಡಿ."

ಇನ್ನು ಮುಚ್ಚಿಡುವ ಹಾಗಿರಲಿಲ್ಲ. ಬಗ್ಗಿ ಅವರ ಕಿವಿಯಲ್ಲಿ ನಿಜ ಹೇಳಿದೆ. ಅವರು ಪೆಟ್ಟಿಗೆಯನ್ನು ನೋಡಿದರು, ನನ್ನನ್ನು ನೋಡಿದರು. ಕೆಳಗಿಟ್ಟರೆ ಒಡೆಯುತ್ತದೆ. ಹಿಂದಕ್ಕೆ ಕೊಡಲು ನನ್ನ ಒಂದು ಕೈ ಮೇಲಿನ ಕಂಬಿಗೆ ಜೋತುಬಿದ್ದಿತ್ತು. ನಾನು ಇಳಿಯುವ ಕ್ರಾಸಿನವರೆಗೂ ಅವರು ಅದನ್ನು ಬಿಡಲಿಲ್ಲ. ಇಳಿಯುವಾಗ ಜೋಪಾನವಾಗಿ ಕೈಗೆ ಕೊಟ್ಟು ಹೇಳಿದರು:

"ಮೊದಲೇ ಹೇಳಿದ್ರೆ ಸೀಟೇ ಬಿಟ್ಟು ಕೊಡ್ತಿದ್ದೆ. ನಿಮ್ಮ ಪಾಪ ನೀವೇ ಹೊತ್ಕೊಂಡು ಕೂರಬಹುದಿತ್ತು."

೪. ಖಾಯಂ ಗಿರಾಕಿ

ಯಜಮಾನರು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಎಷ್ಟು ಮಾರಿದ್ರಿ ಎಂದು ಕೇಳಿದವರೇ ಅಲ್ಲ. "ಒಬ್ರರ ಚಲೋ ಐತಿ ಅಂದ್ರೇನ್ರಿ?" ಇದೊಂದೇ ಪ್ರಶ್ನೆ. ಇಲ್ಲ, ಇಲ್ಲ ಎಂದು ಹೇಳಿ ಸಾಕಾಗಿ ಒಂದು ದಿನ ಹೇಳಿಬಿಟ್ಟೆ, "ಕುಮಟೆಯಲ್ಲಿ ಒಬ್ಬರಿದ್ದಾರೆ. ಭಾನುವಾರ ಮಧ್ಯಾಹ್ನ ಒಂದು ರೆಸ್ಟೋರೆಂಟಿಗೆ ಬಂದು ಮೀನಿನ ಜೊತೆ ನಿಮ್ಮದೇ ಕೇಳಿ ಕುಡಿಯುತ್ತಾರೆ." ಆಮೇಲೆ ಪ್ರತಿ ವಾರ ಆ ಮನುಷ್ಯನ ಕ್ಷೇಮಸಮಾಚಾರ. ಹೇಳುತ್ತ ಹೇಳುತ್ತ ನನಗೂ ಅವನು ಪರಿಚಯದವನಂತೆ ಆಗಿಬಿಟ್ಟ.

ಒಂದು ದಿನ ಮಗಳು ಫೋನ್ ಮಾಡಿದಳು. "ಅಪ್ಪಾರ ಪುಪ್ಪುಸ ಕೆಟ್ಟೈತ್ರಿ. ಇನ್ನ ಭಾಳ ದಿನ ಇಲ್ಲ ಅಂದಾರ ಡಾಕ್ಟರು. ಆ ಕುಮಟಾದ ಮನುಷ್ಯಾನ್ನ ಒಮ್ಮೆ ನೋಡೂಣು ಅಂತ ಹಟ ಹಿಡದಾರ. ಬರೂ ಐತ್ವಾರ ಬರ್ತೀವಿ."

ಇಲ್ಲದ ಆ ಗಿರಾಕಿಯ ಜಾಗಕ್ಕೆ ನನಗೆ ಸಿಕ್ಕಿದ್ದು ನನ್ನ ಭಾವ. ಅಕ್ಕನ ಗಂಡ, ಕುಮಟೆಯಲ್ಲೇ ದರ್ಜಿ. ಜನ್ಮದಲ್ಲಿ ಕುಡಿದವರಲ್ಲ, ಸುಳ್ಳು ಹೇಳಿಯೂ ಗೊತ್ತಿಲ್ಲ. "ಕೇಳಿದ್ರೆ ಒಳ್ಳೆದಿದೆ ಅನ್ನಿ, ಹೂವಿನ ಪರಿಮಳ ಇದೆ ಅನ್ನಿ, ಅಷ್ಟು ಸಾಕು," ಎಂದು ಹೇಳಿಕೊಟ್ಟೆ. "ಆತು," ಅಂದರು.

ಭಾನುವಾರ ಮಧ್ಯಾಹ್ನ ಯಜಮಾನರು ಮಗಳ ಹೆಗಲು ಹಿಡಿದು ರೆಸ್ಟೋರೆಂಟಿನ ಮೆಟ್ಟಿಲು ಹತ್ತಿದರು. ಅಂಗಿ ಮೈಮೇಲೆ ಜೋಲುತ್ತಿತ್ತು. ಭಾವ ಇಸ್ತ್ರಿ ಬಟ್ಟೆ ಹಾಕಿ, ಪರೀಕ್ಷೆಗೆ ಕೂತವರಂತೆ ಕೂತಿದ್ದರು. ವೇಟರ್ ಬಂದ.

"ಸರ್, ಮೊದಲ ಸಲ ಬಂದದ್ದಾ? ಕೈ ತೊಳೆಯೂದು ಆ ಬದಿಗೆ."

"ಹೌದು, ಮೊದಲ ಸಲ," ಅಂದರು ಭಾವ.

ಯಜಮಾನರು ಮೆಲ್ಲಗೆ ನನ್ನ ಕಡೆ ತಿರುಗಿದರು. ನಾನು ಬಂಗಡೆಯ ಮುಳ್ಳು ಬಿಡಿಸತೊಡಗಿದೆ. ಅವರು ತಾವೇ ಭಾವನ ಗ್ಲಾಸಿಗೆ ಸುರಿದರು. ಭಾವ ಕಣ್ಣು ಮುಚ್ಚಿ ಒಂದು ಗುಟುಕು ಕುಡಿದರು.

"ಹೆಂಗ್ ಅನಸ್ತ್ರಿ?"

"ಅಡ್ಡಿಲ್ಲ."

"ಅಡ್ಡಿಲ್ಲ ಅಂದ್ರ?"

"ನಮ್ಮ ಜಿಲ್ಲೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ," ಅಂದೆ ನಾನು. ಆ ದಿನ ನಾನು ಹೇಳಿದ ಒಂದೇ ನಿಜ ಅದು. ಯಜಮಾನರ ಮುಖಕ್ಕೆ ಸ್ವಲ್ಪ ಕಳೆ ಬಂತು. ಅಲ್ಲಿಗೇ ನಿಲ್ಲಬೇಕಿತ್ತು. ಆದರೆ ಭಾವ ಒಪ್ಪಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಡುವವರಲ್ಲ.

"ಹೂವಿನ ಪರಿಮಳ ಇದೆ," ಅಂದರು.

ಯಜಮಾನರು ಮುಂದಕ್ಕೆ ಬಾಗಿದರು. "ಹೌದೇನ್ರಿ? ಯಾವ ಹೂವು?"

ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಭಾವ ಇನ್ನೊಂದು ಗುಟುಕು ಕುಡಿದು, ಗ್ಲಾಸು ಮೂಸಿ, ಪ್ರಾಮಾಣಿಕವಾಗಿ ಹುಡುಕಿದರು. ಸಿಕ್ಕಿತು.

"ಹೆಣಕ್ಕೆ ಹಾಕ್ತಾರಲ್ಲ, ಆ ಹೂವು."

ಮಗಳು ತಲೆ ತಗ್ಗಿಸಿದಳು. ನನ್ನ ಬಾಯಲ್ಲಿದ್ದ ಮೀನು ಅಲ್ಲೇ ನಿಂತಿತು. ಯಜಮಾನರ ಭುಜ ಕುಲುಕಿತು. ಕೆಮ್ಮು ಬಂತೆಂದು ಮಗಳು ಬೆನ್ನಿಗೆ ಕೈ ಹಾಕಿದಳು. ಕೆಮ್ಮಲ್ಲ, ನಗು. ನಕ್ಕು ನಕ್ಕು ಆಮೇಲೆ ನಿಜವಾಗಿಯೂ ಕೆಮ್ಮಿದರು, ನೀರು ಕುಡಿದರು, ಕಣ್ಣು ಒರೆಸಿಕೊಂಡರು. ಭಾವನಿಗೆ ಕೈ ಮುಗಿದು, ಮಗಳಿಗೆ ಹೇಳಿದರು:

"ಹಂಗಾರ ಮನ್ಯಾಗ ಎರಡು ಬಾಟ್ಲಿ ತಗದಿಡವಾ. ಹೂವಿನ ಖರ್ಚರ ಉಳೀತೈತಿ."