ಗೂಢಲಿಪಿ ಮಧ್ಯಸ್ಥಾಧಿಕಾರಿ

ಸಾರ್ವಜನಿಕ ದೂರು ಇಲಾಖೆಯಲ್ಲಿ ನಾಗರಿಕರ ಗೌಪ್ಯತೆಯನ್ನು ಕಟ್ಟುನಿಟ್ಟಾಗಿ ಕಾಪಾಡಲಾಗುತ್ತದೆ. ಹಾಗೆಂದು ಮುಂಬಾಗಿಲ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆಸಲಾಗಿದ್ದು, ಈ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಸಂಶಯವಿದ್ದವರು ದೂರು ಕೊಡಬಹುದಿತ್ತು.

ಇಲಾಖೆಗೆ ಹೊಸದಾಗಿ ಸೇರಿದ್ದ ಪ್ರೋಗ್ರಾಮರ್‌ಗೆ ಸಂಶಯ ಹುಟ್ಟಿದ್ದು ಚಿಕ್ಕಮ್ಮನ ದೆಸೆಯಿಂದ. ಚಿಕ್ಕಮ್ಮ ಇಲಾಖೆಯ ವೆಬ್‌ಸೈಟಿನಲ್ಲಿ ನೀರು ವಿಭಾಗದ ಮೇಲ್ವಿಚಾರಕರ ಮೇಲೊಂದು ದೂರು ಬರೆದು, ಲೋಟ ತೊಳೆಯೋಣವೆಂದು ನಲ್ಲಿ ತಿರುಗಿಸಿದರೆ, ನಲ್ಲಿ ಒಮ್ಮೆ ಕೆಮ್ಮಿ ಸುಮ್ಮನಾಯಿತು.

"ಯಾರಿಗೂ ಗೊತ್ತಾಗಲ್ಲ ಬರೀರಿ ಅಂತ ನೀನೇ ತಾನೆ ಹೇಳಿದ್ದು?" ಎಂದು ಫೋನಿನಲ್ಲೇ ತರಾಟೆಗೆ ತೆಗೆದುಕೊಂಡರು. ಸಂಜೆಯೊಳಗೆ ದೂರನ್ನು ಹಿಂತೆಗೆದುಕೊಂಡು ನೀರು ಪಡೆದರು. ಪ್ರೋಗ್ರಾಮರ್‌ಗೆ ಮಾತ್ರ ನಾಚಿಕೆಯಿಂದ ಊಟ ರುಚಿಸಲಿಲ್ಲ.

ವಿಷಯ ಇಷ್ಟೇ ಇತ್ತು. ವೆಬ್‌ಸೈಟ್ ನಡೆಸುವ ಯಂತ್ರ ಕೆಳಮಹಡಿಯಲ್ಲಿ, ದೂರುಗಳನ್ನು ಕೂಡಿಡುವ ಡೇಟಾಬೇಸ್ ಮೇಲ್ಮಹಡಿಯಲ್ಲಿ. ನಡುವಿನ ತಂತಿ ಹಾದುಹೋಗುವುದು ನೆಟ್‌ವರ್ಕ್ ಕೋಣೆಯಲ್ಲಿ. ದೂರುಗಳು ಹೆಸರು ವಿಳಾಸ ಸಮೇತ ಬಟಾಬಯಲಾಗಿ ಆ ತಂತಿಯಲ್ಲಿ ಹತ್ತಿಹೋಗುತ್ತಿದ್ದವು. ಕೋಣೆಯ ಉಸ್ತುವಾರಿಯನ್ನು ಎಲ್ಲರೂ ರೇಡಿಯೋ ಮಾಮ ಎನ್ನುತ್ತಿದ್ದರು. ಆತ ಕಾಲು ಚಾಚಿ ಕೂತು ಪ್ರತಿಯೊಂದನ್ನೂ ಓದಿ ಸಂಬಂಧಪಟ್ಟವರಿಗೆ ಫೋನಾಯಿಸುತ್ತಿದ್ದ. ಕೆಟ್ಟ ಮನುಷ್ಯನಲ್ಲ. ಉದ್ದುದ್ದ ದೂರುಗಳನ್ನು ಚಿಕ್ಕದು ಮಾಡಿ ಹೇಳುತ್ತಿದ್ದ.

ವೆಬ್‌ಸೈಟನ್ನು ಕಟ್ಟಿದ್ದ ಫ್ರೇಮ್‌ವರ್ಕಿನಲ್ಲಿ ಇದಕ್ಕೆ ಮದ್ದಿತ್ತು. ಸೆಟ್ಟಿಂಗ್ಸ್‌ನಲ್ಲಿ ಎರಡು ಸಾಲು ಸೇರಿಸಿದರಾಯಿತು. ಡೇಟಾಬೇಸಿನೊಂದಿಗೆ ಗೂಢಲಿಪಿಯಲ್ಲೇ ಮಾತಾಡು ಎನ್ನುವುದು ಮೊದಲನೆಯದು. ಮಾತಿಗೆ ಮುಂಚೆ ಅದರ ಸರ್ಟಿಫಿಕೇಟ್ ನೋಡಿ, ಆ ಕಡೆ ಇರುವುದು ಅದೇ ಹೌದೋ ಅಲ್ಲವೋ ಖಾತ್ರಿ ಮಾಡಿಕೋ ಎನ್ನುವುದು ಎರಡನೆಯದು.

"ಎರಡೇ ಸಾಲಾ?" ಅವಳ ಅರ್ಜಿ ಓದಿ ಇಲಾಖೆಯ ನಿರ್ದೇಶಕರು ಕನ್ನಡಕ ತೆಗೆದರು. "ಇಷ್ಟಕ್ಕೆ ಮಂಜೂರಾತಿ ಕೇಳಿದ್ರೆ ಮೇಲಿನವರು ನಗಲ್ವೇನಮ್ಮಾ?"

ಘನತೆಗೆ ಕುಂದು ಬಾರದಿರಲೆಂದು ಒಂದು ಸಮಿತಿ ರಚಿಸಲಾಯಿತು.

"ಸರ್ಟಿಫಿಕೇಟ್ ಯಾರ ಹೆಸರಲ್ಲಿದೆ?" ಎಂದು ಸಮಿತಿ ಕೇಳಿತು.

"ಡೇಟಾಬೇಸ್ ಯಂತ್ರದ ಹೆಸರಲ್ಲಿ ಸರ್."

"ತಂದೆ ಹೆಸರು?"

"ಯಂತ್ರಕ್ಕೆ ತಂದೆ ಇರಲ್ಲ ಸರ್."

ಸದಸ್ಯರೊಬ್ಬರು ಮರುಕದಿಂದ "ಪಾಪ" ಎಂದರು.

"ಸಹಿ ಯಾರದು?"

"ಅದಕ್ಕಂತಲೇ ಒಂದು ಪ್ರಾಧಿಕಾರ ಇರತ್ತೆ. ಅದೂ ಯಂತ್ರವೇ."

"ಅಂದ್ರೆ ಒಂದರ ಯೋಗ್ಯತೆಗೆ ಇನ್ನೊಂದು ಸಾಕ್ಷಿ," ನಿರ್ದೇಶಕರು ತಲೆದೂಗಿದರು. "ನಮ್ಮ ಬಡ್ತಿಗಳೂ ಹಾಗೇ ಆಗೋದು. ಆದ್ರೆ ಬಾಯಿಬಿಟ್ಟು ಹೇಳಬಾರದು."

ಸಮಿತಿಯ ಆದೇಶ ಹೀಗಿತ್ತು: 'ಗೂಢಲಿಪಿಯು ಕಡ್ಡಾಯ. ಆದರೆ ಒಂದೇ ಇಲಾಖೆಯ ಒಂದು ಯಂತ್ರವು ಇನ್ನೊಂದರ ಗುರುತು ಕೇಳುವುದು ಸಹೋದ್ಯೋಗಿಯನ್ನು ಅವಮಾನಿಸಿದಂತಾಗುವುದರಿಂದ, ಸದರಿ ಪರಿಶೀಲನೆಯನ್ನು ಕೈಬಿಡತಕ್ಕದ್ದು.'

"ಸರ್, ಇದು ಬಾಗಿಲಿಗೆ ಬೀಗ ಹಾಕಿ, ಬಡಿದವರಿಗೆಲ್ಲ ತೆಗೆದ ಹಾಗೆ!" ಅವಳ ದನಿ ಏರಿತು.

"ಬಡಿಯೋರು ಮರ್ಯಾದಸ್ಥರು ಕಣಮ್ಮಾ. ಕಳ್ಳ ಎಲ್ಲಾದರೂ ಬಾಗಿಲು ಬಡಿತಾನಾ?"

ಅವಳು ಹಲ್ಲು ಕಚ್ಚಿಕೊಂಡು ಎರಡನೆಯ ಸಾಲನ್ನು ಅಳಿಸಿದಳು.

ಮರುದಿನ ರೇಡಿಯೋ ಮಾಮನ ತೆರೆಯ ಮೇಲೆ ಬರೀ ಗೀಚುಗೀಚು. ಆತನ ಮುಖ ಸಪ್ಪಗಾಯಿತು. ಯಾರ ಮೇಲೆ ಯಾರು ಏನು ಬರೆದರೆಂದು ತಿಳಿಯದೆ ವಿಭಾಗಗಳೆಲ್ಲ ಕಂಗಾಲಾದವು. ಕೆಲವರು ಮುನ್ನೆಚ್ಚರಿಕೆಯಾಗಿ ಕೆಲಸವನ್ನೇ ಮಾಡತೊಡಗಿದರು. ಪ್ರೋಗ್ರಾಮರ್ ಗೆದ್ದೆನೆಂದುಕೊಂಡು ಮನೆಯಲ್ಲಿ ಹಾಡು ಗುನುಗಿದಳು.

ವಾರ ಕಳೆಯುವುದರೊಳಗೆ ಮಾಮ ಚೇತರಿಸಿಕೊಂಡ. ತಂತಿಯ ನಡುವೆ ತನ್ನದೇ ಒಂದು ಯಂತ್ರ ಕೂರಿಸಿ, ಅದಕ್ಕೆ ಡೇಟಾಬೇಸಿನ ಹೆಸರಿಟ್ಟು, ಸರ್ಟಿಫಿಕೇಟನ್ನು ತಾನೇ ಬರೆದು ತಾನೇ ಸಹಿ ಹಾಕಿದ. ವೆಬ್‌ಸೈಟ್ ಆದೇಶದ ಪ್ರಕಾರ ಏನನ್ನೂ ಕೇಳದೆ ದೂರುಗಳನ್ನು ಅತ್ಯುತ್ತಮ ಗೂಢಲಿಪಿಯಲ್ಲಿ ಮಾಮನಿಗೆ ಒಪ್ಪಿಸಿತು. ಮಾಮ ಅವನ್ನು ಬಿಡಿಸಿ, ಓದಿ, ಫೋನಾಯಿಸಿ, ಮತ್ತೆ ಗೂಢಲಿಪಿಗೆ ತಿರುಗಿಸಿ ಮೇಲ್ಮಹಡಿಗೆ ಕಳಿಸಿದ.

ಇದು ಗೊತ್ತಾದೊಡನೆ ಅವಳು ಏದುಸಿರು ಬಿಡುತ್ತಾ ನಿರ್ದೇಶಕರ ಕೋಣೆಗೆ ನುಗ್ಗಿದಳು. ಅವರು ಶಾಂತವಾಗಿ ಕೇಳಿಸಿಕೊಂಡರು.

"ಇವನವರೆಗೆ ಒಂದು ಗೂಢಲಿಪಿ. ಇವನಿಂದಾಚೆಗೆ ಇನ್ನೊಂದು. ಅಲ್ವಾ?"

"ಹೌದು ಸರ್, ಆದರೆ..."

"ಅಂದ್ರೆ ಭದ್ರತೆ ಇಮ್ಮಡಿ ಆಯ್ತಲ್ಲಮ್ಮಾ!"

ತಕ್ಷಣವೇ ಪ್ರಕಟಣೆ ಹೊರಟಿತು: 'ನಾಗರಿಕರ ಹಿತದೃಷ್ಟಿಯಿಂದ ಗೂಢಲಿಪಿ ಮಧ್ಯಸ್ಥಾಧಿಕಾರಿ ಹುದ್ದೆಯನ್ನು ಸೃಜಿಸಲಾಗಿದೆ. ಇನ್ನು ಮುಂದೆ ಯಾವುದೇ ದೂರನ್ನು ಇವರ ಹೊರತು ಬೇರೆ ಯಾರೂ ಕದ್ದು ಓದತಕ್ಕದ್ದಲ್ಲ.' ಮಾಮನಿಗೆ ನಾಮಫಲಕವೂ ಫ್ಯಾನೂ ಬಂದವು. ಜನ ಬೇಗ ಹೊಂದಿಕೊಂಡರು. ದೂರಿನ ಕೊನೆಗೆ 'ಮಧ್ಯಸ್ಥಾಧಿಕಾರಿಗಳಿಗೆ ನಮಸ್ಕಾರ, ಮನೆಯಲ್ಲಿ ಎಲ್ಲರೂ ಕ್ಷೇಮವೇ?' ಎಂದು ಬರೆಯತೊಡಗಿದರು. ಆತ ಒಬ್ಬೊಬ್ಬರಿಗೂ ಉತ್ತರಿಸುತ್ತಿದ್ದ. ಇಲಾಖೆಯಿಂದ ದೂರುದಾರರಿಗೆ ಉತ್ತರ ಬಂದದ್ದು ಅದೇ ಮೊದಲು.

ಪ್ರೋಗ್ರಾಮರ್ ತಡೆಯಲಾರದೆ ಒಂದು ಮಧ್ಯಾಹ್ನ ಅದೇ ವೆಬ್‌ಸೈಟಿನಲ್ಲಿ, ಇಡೀ ಇಲಾಖೆಯ ಮೇಲೆ, ಎದೆಯಲ್ಲಿದ್ದುದನ್ನೆಲ್ಲ ಹೊರಹಾಕಿ ಒಂದು ದೂರು ಬರೆದು ಕಳಿಸಿದಳು. ಕುರ್ಚಿಯಿಂದ ಏಳುವಷ್ಟರಲ್ಲಿ ಬಾಗಿಲಲ್ಲಿ ಮಾಮ ನಿಂತಿದ್ದ.

"ಓದಿದೆ ಮಗಳೇ, ಕಣ್ಣಲ್ಲಿ ನೀರು ಬಂತು. ಆದರೆ 'ಉಲ್ಲಂಘನೆ'ಯಲ್ಲಿ ಒತ್ತು ಬಿಟ್ಟುಹೋಗಿದೆ. ನಿರ್ದೇಶಕರಿಗೆ ಹೇಳೋಕೆ ಮುಂಚೆ ಸರಿ ಮಾಡಿಬಿಡ್ಲಾ?"

ಅವಳಿಗೆ ಮೈಯೆಲ್ಲ ಉರಿಯಿತು. ತೆರೆಯ ಮೇಲೆ ಕಣ್ಣಾಡಿಸಿದಳು. ಒತ್ತು ನಿಜವಾಗಿಯೂ ಬಿಟ್ಟುಹೋಗಿತ್ತು.

"ಮಾಡಿ ಮಾಮ," ಎಂದಳು. "ಕೆಳಗಿನ ಪ್ಯಾರಾನೂ ಒಂಚೂರು ನೋಡಿಬಿಡಿ."