ಬಡತನದ ದೃಶ್ಯದಲ್ಲಿ ಕ್ಯಾಮೆರಾವನ್ನು ಊಟಕ್ಕೆ ಕರೆಯುವ ಬಗ್ಗೆ

ಸಂಖ್ಯೆ: ಜಾಗೃತಿ/ಮಕ್ಕಳು/ಕಾಲುವೆಬದಿ/9/ತುರ್ತು/ನಿಜವಾಗಿಯೂ ತುರ್ತು
ಮನಿಲಾ, ಮಂಗಳವಾರ

ಸುತ್ತೋಲೆ

ವಿಷಯ: ಮಕ್ಕಳ ಬಡತನದ ಬಗ್ಗೆ ಅರಿವು ಮೂಡಿಸುವ ಮೂರು ನಿಮಿಷದ ಚಿತ್ರಕ್ಕೆ ಬಡ ಮಕ್ಕಳಿಂದ ಉಂಟಾಗುತ್ತಿರುವ ಅಡಚಣೆ ಕುರಿತು.

ಉಲ್ಲೇಖ: 1. ನಿರ್ದೇಶಕ ಶ್ರೀ ಲಿಯಾಂದ್ರೊ ಅವರ ದೂರು, ಒಂದು ಪುಟ.
2. ಅದೇ ದೂರು, ಕಣ್ಣೀರಿನ ಕಲೆ ಸಹಿತ, ನಾಲ್ಕು ಪುಟ.

ಕಾಲುವೆ ಬದಿಯ ಬಡಾವಣೆಯ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಒಂದೇ ದಿನದಲ್ಲಿ ಮುಗಿಯಬೇಕಿದ್ದ ಸದರಿ ಚಿತ್ರವು ಒಂಬತ್ತನೇ ದಿನಕ್ಕೆ ಕಾಲಿಟ್ಟಿರುವುದನ್ನು ಇಲಾಖೆಯು ಗಂಭೀರವಾಗಿ ಪರಿಗಣಿಸಿದೆ. ಆದ್ದರಿಂದ ತಾಯಂದಿರು, ಮಕ್ಕಳು, ಚಿತ್ರತಂಡ ಹಾಗೂ ಹುಂಜಗಳ ಮಾಲೀಕರು ಈ ಕೆಳಕಂಡಂತೆ ನಡೆದುಕೊಳ್ಳತಕ್ಕದ್ದೆಂದು ಆದೇಶಿಸಲಾಗಿದೆ.

1. ಕ್ಯಾಮೆರಾ ಬರುತ್ತದೆಂದು ತಿಳಿದ ಕೂಡಲೇ ಮಕ್ಕಳಿಗೆ ಸ್ನಾನ ಮಾಡಿಸಿ, ಕುತ್ತಿಗೆಗೆ ಪೌಡರ್ ಬಳಿದು, ಬೆವರು ಹೀರಲು ಬೆನ್ನಿಗೆ ಟವೆಲ್ ಸಿಕ್ಕಿಸಿ, ಚರ್ಚಿಗೆ ಹೋಗುವ ಅಂಗಿ ತೊಡಿಸಿ ಕಳುಹಿಸುವುದನ್ನು ತಾಯಂದಿರು ನಿಲ್ಲಿಸತಕ್ಕದ್ದು. ನಲವತ್ತೊಂದು ಮಕ್ಕಳಲ್ಲಿ ಒಂದೂ ಬಡವಾಗಿ ಕಾಣಲಿಲ್ಲವೆಂದು ಉಲ್ಲೇಖ 1ರಲ್ಲಿ ದೂರಲಾಗಿದೆ. ಮೈಗೆ ಬಳಿಯುವ ಮಣ್ಣನ್ನು ಚಿತ್ರತಂಡವೇ ಸಿರಿವಂತರ ಬಡಾವಣೆಯಾದ ಮಕಾತಿಯ ಬಂಗಲೆಗಳ ಕಡೆಯಿಂದ ತಂದಿರುತ್ತದೆ. ಇಲ್ಲಿನ ಮಣ್ಣು ಪರದೆಯ ಮೇಲೆ ಮಣ್ಣಿನಂತೆ ಕಾಣುವುದಿಲ್ಲವಂತೆ.

2. ಹಸಿದ ಮಗು ಎಂದರೆ ನಗದ ಮಗು ಎಂದು ಈ ಮೂಲಕ ವ್ಯಾಖ್ಯಾನಿಸಲಾಗಿದೆ. ಕ್ಯಾಮೆರಾ ಕಂಡೊಡನೆ ಎರಡು ಬೆರಳೆತ್ತಿ ಪೋಸು ಕೊಡುವ ಮಕ್ಕಳು ಸದರಿ ಬೆರಳುಗಳನ್ನು ಜೇಬಿನಲ್ಲಿರಿಸತಕ್ಕದ್ದು. ಜೇಬಿಲ್ಲದವರು ಪಕ್ಕದವರ ಜೇಬನ್ನು ಬಳಸಬಹುದಾಗಿದೆ.

3. ಚಿತ್ರದ ಶೋಕಗೀತೆಯನ್ನು ಮಕ್ಕಳು ಒಂದೇ ಬೆಳಿಗ್ಗೆ ಕಲಿತು ಕುಣಿಯುವ ತಾಳಕ್ಕೆ ಹೊಂದಿಸಿಕೊಂಡಿರುವುದು ಗಮನಕ್ಕೆ ಬಂದಿದೆ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಎದುರು ಮನೆಯ ಹಿರಿಯರಾದ ಅಲಿಂಗ್ ಬೇಬಾಂಗ್ ಅವರು ಅದನ್ನು ಹಾಡಿದವರಿಗೆ ನೂರಕ್ಕೆ ಇಷ್ಟೆಂದು ಅಂಕ ಹಾಕುವ ತಮ್ಮ ಕರೋಕೆ ಯಂತ್ರದಲ್ಲಿ ಹಾಡಲಾಗಿ, ಯಂತ್ರವು 98 ಅಂಕ ಕೊಟ್ಟು ತುತ್ತೂರಿ ಊದಿದ್ದು, ಸಂಗೀತ ನಿರ್ದೇಶಕರು ತಲೆಯ ಮೇಲೆ ಕೈ ಹೊತ್ತು ಕುಳಿತಿರುತ್ತಾರೆ. ಇನ್ನು ಮುಂದೆ ಬಡತನದ ಹಾಡಿಗೆ ಯಾವುದೇ ಯಂತ್ರವು 60ಕ್ಕಿಂತ ಹೆಚ್ಚು ಅಂಕ ನೀಡತಕ್ಕದ್ದಲ್ಲ. ಸದರಿ ಯಂತ್ರದಿಂದ ಲಿಖಿತ ಸಮಜಾಯಿಷಿ ಕೇಳಲಾಗಿದೆ.

3(ಅ). ಮೌನದ ದೃಶ್ಯದಲ್ಲಿ ಕೂಗಬಯಸುವ ಹುಂಜಗಳು ಮುಂಚಿತವಾಗಿ ಅನುಮತಿ ಪಡೆಯತಕ್ಕದ್ದು.

4. ಮುಖ್ಯ ಅಡಚಣೆ. ಕಥೆಯ ಪ್ರಕಾರ ಎಂಟು ವರ್ಷದ ಕುಮಾರಿ ಜೋನಲಿನ್ ಕಬಿಲ್ಡೊ ಒಂದು ಹಿಡಿ ಅನ್ನ, ಅರ್ಧ ಒಣಮೀನಿನ ತಟ್ಟೆಯ ಮುಂದೆ ಒಂಟಿಯಾಗಿ ಕೂತು ಕ್ಯಾಮೆರಾವನ್ನು ದಿಟ್ಟಿಸಬೇಕಾಗಿರುತ್ತದೆ. ಎದುರಿಗೆ ಒಬ್ಬರು ನಿಂತಿರುವಾಗ ಅವರನ್ನು ಕರೆಯದೆ ತುತ್ತು ಎತ್ತುವುದು ನಮ್ಮವರಲ್ಲಿ ಇಲ್ಲದ ಕಾರಣ, ಆಕೆಯು ಪ್ರತಿ ಸಲವೂ ತಟ್ಟೆಯನ್ನು ಕ್ಯಾಮೆರಾದತ್ತ ಸರಿಸಿ, "ಅಣ್ಣಾ, ಬನ್ನಿ, ಊಟ ಮಾಡೋಣ" ಎಂದಿರುತ್ತಾಳೆ. ಒಟ್ಟು ಅರವತ್ತೆರಡು ಸಲ. ಹದಿನೇಳನೇ ಸಲ ಛಾಯಾಗ್ರಾಹಕರು ಕ್ಯಾಮೆರಾ ಬಿಟ್ಟು ಹೋಗಿ ಕುಳಿತು ಉಂಡಿರುತ್ತಾರೆ. ಸ್ಥಳ ತನಿಖೆಗೆ ತೆರಳಿದ್ದ ಈ ಕೆಳಗೆ ಸಹಿ ಮಾಡಿರುವ ಅಧಿಕಾರಿಗೂ ಕರೆ ಬಂದಿದ್ದು, ಒಣಮೀನು ಚೆನ್ನಾಗಿತ್ತು. ಆದಾಗ್ಯೂ ಬಡತನದ ದೃಶ್ಯದಲ್ಲಿ ಅತಿಥಿ ಸತ್ಕಾರವನ್ನು ನಿಷೇಧಿಸಲಾಗಿದೆ.

5. ನಾಳೆ ಮಕಾತಿಯಿಂದ ಬೇರೊಬ್ಬ ಹುಡುಗಿಯನ್ನು ಕರೆತಂದು, ಒಂದೇ ಏಟಿಗೆ ದೃಶ್ಯ ಮುಗಿಸಿ ಹೊರಡುವುದಾಗಿ ನಿರ್ದೇಶಕರು ತಿಳಿಸಿರುತ್ತಾರೆ. ಸದರಿ ಹುಡುಗಿಯು ಹಸಿವಿನಲ್ಲಿ ಆರು ವಾರಗಳ ತರಬೇತಿ ಹೊಂದಿರುತ್ತಾಳೆ.

6. ಈ ಹಂತದಲ್ಲಿ ಕುಮಾರಿ ಜೋನಲಿನ್‌ಳ ಹೇಳಿಕೆ ಪಡೆದು, ಇದ್ದಂತೆಯೇ ದಾಖಲಿಸಲಾಗಿದೆ: "ಮೊದಲ್ನೇ ದಿನ ಗೊತ್ತಿಲ್ದೆ ಬಾಯಿಗ್ ಬಂತು ಸರ್. ಆಮೇಲೆ ಬೇಕಂತ್ಲೇ ಹೇಳ್ದೆ. ಶೂಟಿಂಗ್ ಇದ್ರೆ ಮಧ್ಯಾಹ್ನ ಎಲ್ಲಾ ಮಕ್ಕಳ್ಗೂ ಊಟ ಕೊಡ್ತಾರೆ. ನಾನು ಸರಿಯಾಗ್ ಮಾಡ್ಬಿಟ್ರೆ ಅವ್ರು ನಾಳೆ ಬರಲ್ವಲ್ಲ."

ಪರಿಶೀಲಿಸಲಾಗಿ, ಕಳೆದ ಎಂಟು ದಿನವೂ ನಲವತ್ತೊಂದು ಮಕ್ಕಳು ಅನ್ನ, ಕೋಳಿ ಅಡೋಬೊ ಹೊಟ್ಟೆ ತುಂಬ ಉಂಡಿರುವುದು ನಿಜವೆಂದು ಕಂಡುಬಂದಿದೆ. ಅದಕ್ಕೂ ಮೊದಲು ಮಧ್ಯಾಹ್ನ ಎಷ್ಟು ಮಂದಿ ಉಣ್ಣುತ್ತಿದ್ದರೆಂಬ ಮಾಹಿತಿ ಇಲಾಖೆಯಲ್ಲಿ ಲಭ್ಯವಿಲ್ಲ. ಈ ಬಗ್ಗೆ ಸಹಿದಾರರಿಗೆ ನಾಚಿಕೆಯಾಗಿರುತ್ತದೆ.

7. ಆದ್ದರಿಂದ ಕಂಡಿಕೆ 4ರ ನಿಷೇಧವನ್ನು ಹಿಂಪಡೆಯಲಾಗಿದೆ. ಇಲಾಖೆ ನೀಡಿರುವ ಚಿತ್ರೀಕರಣದ ಅನುಮತಿ ಪತ್ರದ ಷರತ್ತಿನಂತೆ, ದೃಶ್ಯವು ತೃಪ್ತಿಕರವೆಂದು ಇಲಾಖೆ ಸಹಿ ಹಾಕುವವರೆಗೆ ಚಿತ್ರತಂಡವು ಅಂಗಳ ಬಿಟ್ಟು ಕದಲುವಂತಿಲ್ಲ. ಪ್ರತಿದಿನ ಮಧ್ಯಾಹ್ನ ಹನ್ನೆರಡಕ್ಕೆ ದೃಶ್ಯವನ್ನು ಮತ್ತೊಮ್ಮೆ ತೆಗೆದು, ಮಕ್ಕಳ ಊಟವಾದ ನಂತರ ಪರಿಶೀಲನೆಗೆ ಒಪ್ಪಿಸತಕ್ಕದ್ದು. ಇಂದಿನ ದೃಶ್ಯವು ತೃಪ್ತಿಕರವಾಗಿಲ್ಲ. ನಾಳೆಯದೂ ತೃಪ್ತಿಕರವಾಗಿರುವುದಿಲ್ಲ. ಮಕಾತಿಯ ಹುಡುಗಿ ಬಂದಲ್ಲಿ ಆಕೆಗೂ ಒಂದು ತಟ್ಟೆ ಹಾಕತಕ್ಕದ್ದು.

(ಸಹಿ)
ಪ್ರುಡೆನ್ಸಿಯೊ ಮಗ್ಬನುವಾ
ದೃಶ್ಯ ತೃಪ್ತಿ ಅಧಿಕಾರಿ (ಪ್ರಭಾರ)

ಪ್ರತಿಗಳು:
1. ನಿರ್ದೇಶಕ ಶ್ರೀ ಲಿಯಾಂದ್ರೊ ಅವರಿಗೆ, ಮಾಹಿತಿಗಾಗಿ ಹಾಗೂ ನಾಳಿನ ನಲವತ್ತೆರಡು ಊಟಕ್ಕಾಗಿ.
2. ಅಲಿಂಗ್ ಬೇಬಾಂಗ್ ಅವರಿಗೆ, ಯಂತ್ರಕ್ಕೆ ಓದಿ ಹೇಳುವ ಕೋರಿಕೆಯೊಂದಿಗೆ.
3. ಹುಂಜಗಳಿಗೆ, ಮಾಲೀಕರ ಮುಖಾಂತರ.
4. ಕಚೇರಿ ಕಡತಕ್ಕೆ.
5. ಕುಮಾರಿ ಜೋನಲಿನ್ ಕಬಿಲ್ಡೊ ಅವರಿಗೆ, ನಾಳೆ ಹನ್ನೆರಡಕ್ಕೆ ಎಂದಿನಂತೆ ತಪ್ಪು ಮಾಡುವ ಸಲುವಾಗಿ.